ತೆಂಗಿನ ಗರಿ ಕಟ್ಟಿದ ತರಬೇತಿ ಭವನ

ನಮ್ಮೂರು ವಾಯಿಪುತೆಯ ತರಬೇತಿ ಭವನವನ್ನು ಆ ಐದು ದಿನ ಮುಚ್ಚಿಸಿದವರು ಯಾರು, ಒಳಗೆ ಇದ್ದವರು ಯಾರು ಎಂಬ ಪ್ರಶ್ನೆಗೆ ಸರ್ಕಾರದ ಕಡತದಲ್ಲಿ ಇಂದಿಗೂ ಉತ್ತರವಿಲ್ಲ. ಉತ್ತರ ನನಗೆ ಗೊತ್ತು. ಭವನದ ಎದುರಿಗೇ ನನ್ನ ಗೂಡಂಗಡಿ. ಲವಂಗದ ಸಿಗರೇಟು, ಸೋಪು, ಗಾಳದ ದಾರ ಮಾರುತ್ತ ಕೂತಿರುವ ನನ್ನ ಕಣ್ಣು ತಪ್ಪಿಸಿ ಈ ಊರಲ್ಲಿ ಒಂದು ಬೆಕ್ಕೂ ರಸ್ತೆ ದಾಟುವುದಿಲ್ಲ. ಆದರೂ ಇಷ್ಟು ದಿನ ಬಾಯಿ ಬಿಡಲಿಲ್ಲ. ಹೆದರಿಕೆ ಎಂದೇ ಇಟ್ಟುಕೊಳ್ಳಿ.

ಮುಚ್ಚಿಸಿದವನು ಓಕ್ಟೊ. ಪೂರ್ತಿ ಹೆಸರು ಓಕ್ಟೋವಿಯಾನುಸ್ ತುಹುಮೆನಾ. ಅಂಬೋನ್ ಪಟ್ಟಣದಲ್ಲಿ ಹುಟ್ಟಿ ಬೆಳೆದು, ನಮ್ಮೂರಲ್ಲಿ ಮೀನು ಮಾರುವ ಸೆಲ್ಫೀನಾಳನ್ನು ಮದುವೆಯಾಗಿ, ಅತ್ತೆಯ ಮನೆಯಲ್ಲೇ ಬಿಡಾರ ಹೂಡಿದವನು. ಅವನ ಹುದ್ದೆಯ ಹೆಸರು ಅವನ ಹೆಸರಿಗಿಂತಲೂ ಉದ್ದ: ಕರಾವಳಿ ದುಡಿಮೆಗಾರರ ಕೌಶಲಾಭಿವೃದ್ಧಿ ಕಾರ್ಯಕ್ರಮಗಳ ಸಂಯೋಜಕ. ಮೀನುಗಾರಿಕೆ ಕಚೇರಿ ಕಳಿಸುವ ಯಂತ್ರ, ಕಾರ್ಮಿಕ ಕಚೇರಿ ಕಳಿಸುವ ಪ್ರಮಾಣಪತ್ರ, ಮಹಿಳಾ ಕಚೇರಿ ಕಳಿಸುವ ಟೀ ಶರ್ಟು, ಈ ಮೂರನ್ನೂ ಒಂದೇ ದಿನ ಒಂದೇ ಜಾಗದಲ್ಲಿ ಸೇರಿಸುವುದು ಅವನ ಕೆಲಸ. ಎರಡು ವರ್ಷದಲ್ಲಿ ಅದು ಒಂದು ಸಲವೂ ಕೈಗೂಡಿರಲಿಲ್ಲ.

ಈ ಸಲ ಮಾತ್ರ ಎಲ್ಲ ಬಂದಿತ್ತು. ಆಳೆತ್ತರದ ಫ್ರೀಜರ್ ಬಂತು, ಚಾಕುಗಳು ಬಂದವು, ಇಪ್ಪತ್ತು ಟೀ ಶರ್ಟು ಬಂದವು. ಜೊತೆಗೆ ಒಂದು ಪತ್ರವೂ ಬಂತು. ಸೋಮವಾರದಿಂದ ಶುಕ್ರವಾರದವರೆಗೆ ಇಪ್ಪತ್ತು ಜನರಿಗೆ ಟ್ಯೂನಾ ಮೀನು ಕೊಯ್ದು ಹೆಪ್ಪುಗಟ್ಟಿಸುವ ತರಬೇತಿ ನಡೆಯಬೇಕು. ಶನಿವಾರ ಜಿಲ್ಲೆಯಿಂದ ಪ್ರಮಾಣಪತ್ರ ಹಿಡಿದು ಪರಿಶೀಲನೆಗೆ ಬರುತ್ತಾರೆ. ಇಪ್ಪತ್ತು ಜನ ಕೆಲಸ ಮಾಡುವುದು ಕಾಣದಿದ್ದರೆ ಫ್ರೀಜರ್ ಪಕ್ಕದ ದ್ವೀಪಕ್ಕೆ ಹೋಗುತ್ತದೆ, ಸಂಯೋಜಕನ ಹುದ್ದೆ ಅಲ್ಲಿಗೆ ಮುಗಿಯುತ್ತದೆ.

ಆ ಫ್ರೀಜರ್ ಮೇಲೆ ಸೆಲ್ಫೀನಾಳ ಕಣ್ಣಿತ್ತು. ದಿನಾ ಬೆಳಿಗ್ಗೆ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮೂರು ಊರು ಸುತ್ತುವವಳು ಅವಳು. ಮಧ್ಯಾಹ್ನದ ಬಿಸಿಲಿಗೆ ಮೆತ್ತಗಾದ ಮೀನನ್ನು ಅಳುತ್ತ ಕಡಲಿಗೇ ಚೆಲ್ಲಿ ಬರುತ್ತಿದ್ದಳು. "ಅದೊಂದು ಡಬ್ಬ ನಮ್ಮೂರಲ್ಲಿ ಉಳೀಲಿ, ನಿಮ್ಮನ್ನ ಇನ್ನೇನೂ ಕೇಳಲ್ಲ," ಎಂದು ಗಂಡನಿಗೆ ಹೇಳಿದ್ದಳು. ಹೆಂಡತಿ ಇಷ್ಟು ಸಣ್ಣ ಆಸೆ ಪಟ್ಟರೆ ಯಾವ ಗಂಡಸಿಗೂ ಭಯವಾಗುತ್ತದೆ.

ಓಕ್ಟೊ ಹಿಂದಿನ ವರ್ಷ ಮೂರು ವಾರ ಜಾವಾಕ್ಕೆ ಹೋಗಿ ಸಂಯೋಜಕರಿಗೇ ನಡೆಯುವ ತರಬೇತಿ ಪಡೆದು ಬಂದಿದ್ದ. ಅಂದಿನಿಂದ ಅವನ ಮಾತು ಮುಗಿಯುತ್ತಿದ್ದುದೇ "ಜಾವಾದಲ್ಲಿ ಹೀಗಲ್ಲ" ಎಂದು. ಅಲ್ಲಿ ಮದುವೆ ಮನೆಗೂ ಸಭಾಭವನಕ್ಕೂ ಎಳೆಯ ತೆಂಗಿನ ಗರಿ ಕಟ್ಟಿ ಅಲಂಕರಿಸುವುದನ್ನು ಕಂಡು ಮರುಳಾಗಿದ್ದ. ಭಾನುವಾರ ತಾನೇ ಏಣಿ ಹಾಕಿಕೊಂಡು ಭವನದ ಗೇಟಿನ ಎರಡು ಕಂಬಕ್ಕೂ ಹಳದಿ ಗರಿ ಕಟ್ಟಿದ. ಅಷ್ಟಕ್ಕೆ ಬಿಟ್ಟಿದ್ದರೆ ಹೇಗೋ ನಡೆಯುತ್ತಿತ್ತು. ಚರ್ಚಿನಲ್ಲಿ ಪಾದ್ರಿಗಳ ಕೈಗೆ ಒಂದು ಚೀಟಿಯನ್ನೂ ಕೊಟ್ಟ. ಪಾದ್ರಿಗಳು ಗಂಭೀರವಾಗಿ ಓದಿದರು: "ನಾಳೆಯಿಂದ ತರಬೇತಿ ಭವನದೊಳಗೆ ಹೆಸರು ಬರೆಸದವರು ಕಾಲಿಡಬಾರದು, ಒಳಗಿನ ವಸ್ತು ಮುಟ್ಟಬಾರದು." ಓದಿ ಪ್ರಾರ್ಥನೆಯನ್ನೂ ಮಾಡಿದರು. ಸಂಜೆ ಡಂಗುರದವನು ಡೋಲು ಬಾರಿಸಿ ಅದನ್ನೇ ಊರೆಲ್ಲ ಸಾರಿದ.

ನಮ್ಮಲ್ಲಿ ಕಡಲ ಚಿಪ್ಪು ಬಲಿಯಬೇಕಾದಾಗ, ತೋಟದ ಕಾಯಿ ಮಾಗಬೇಕಾದಾಗ ಅದಕ್ಕೆ ಸಾಸಿ ಹಾಕುತ್ತೇವೆ. ಊರ ಕಾವಲಿನ ಹಿರಿಯರು ಕಂಬಕ್ಕೆ ಎಳೆಯ ತೆಂಗಿನ ಗರಿ ಕಟ್ಟುತ್ತಾರೆ, ಪಾದ್ರಿಗಳು ಚರ್ಚಿನಲ್ಲಿ ಓದುತ್ತಾರೆ, ಡಂಗುರದವನು ಸಾರುತ್ತಾನೆ. ಆಮೇಲೆ ಅದನ್ನು ಬಿಚ್ಚುವವರೆಗೆ ಯಾರೂ ಮುಟ್ಟುವಂತಿಲ್ಲ. ಮುಟ್ಟಿದವನ ಹೆಸರು ಯಾವ ಪಟ್ಟಿಯಲ್ಲಿದ್ದರೂ ಹೊಟ್ಟೆ ಊದುತ್ತದೆ. ನಮ್ಮ ದೊಡ್ಡಪ್ಪ ಸಾಸಿ ಇದ್ದಾಗ ಎರಡೇ ಎರಡು ಚಿಪ್ಪು ಕದ್ದಿದ್ದಕ್ಕೆ ಹನ್ನೊಂದು ದಿನ ಚಡ್ಡಿಯ ಗುಂಡಿ ಹಾಕಲಾಗದೆ ಓಡಾಡಿದ್ದನ್ನು ನಾನೇ ನೋಡಿದ್ದೇನೆ.

ಓಕ್ಟೊಗೆ ಸಾಸಿ ಗೊತ್ತಿರಲಿಲ್ಲ ಎಂದಲ್ಲ. ಅದು ಕಡಲಿಗೆ, ತೋಟಕ್ಕೆ ಎಂದುಕೊಂಡಿದ್ದ. ಸಿಮೆಂಟಿನ ಭವನಕ್ಕೂ ಹಾಕಬಹುದು ಎಂದು ಅವನಿಗೆ ಹೊಳೆಯಲಿಲ್ಲ, ಹಾಕಬಾರದು ಎಂದು ನಮಗೆ ಹೊಳೆಯಲಿಲ್ಲ.

ಸೋಮವಾರ ಎಂಟು ಗಂಟೆಗೆ ಇಸ್ತ್ರಿ ಅಂಗಿ ತೊಟ್ಟು, ಕೊರಳಿಗೆ ಗುರುತುಚೀಟಿ ನೇತುಹಾಕಿಕೊಂಡು ಓಕ್ಟೊ ಬಾಗಿಲಲ್ಲಿ ನಿಂತ. ಹೆಸರು ಬರೆಸಿದ್ದ ಇಪ್ಪತ್ತು ಜನವೂ ಬಂದರು. ಬಂದವರು ಗೇಟಿಗೆ ಹತ್ತು ಹೆಜ್ಜೆ ದೂರದಲ್ಲಿ ನಿಂತುಬಿಟ್ಟರು.

"ಬನ್ನಿ, ಯಾಕೆ ಅಲ್ಲೇ ನಿಂತ್ರಿ?" ಎಂದ ಓಕ್ಟೊ.

ಎಲ್ಲರಿಗಿಂತ ಮುಂದಿದ್ದ ಯೋಸಿನಕ್ಕ, "ಇಲ್ಲಪ್ಪ, ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದ್ವಿ," ಎಂದಳು.

"ಒಳಗೆ ಬಂದು ನೋಡಿ ಅಕ್ಕ. ಫ್ರೀಜರ್ ಮುಟ್ಟಿ ನೋಡಿ."

ಇಪ್ಪತ್ತು ಜನವೂ ಒಂದು ಹೆಜ್ಜೆ ಹಿಂದೆ ಸರಿದರು. "ನಾವೇನು ನಿಮಗೆ ಕೆಟ್ಟದ್ದು ಮಾಡಿದೀವಾ?" ಎಂದು ಯೋಸಿನಕ್ಕ ಸಂಕಟದಿಂದ ಕೇಳಿದಳು. ಆಮೇಲೆ ಒಬ್ಬೊಬ್ಬರಾಗಿ ಕರಗಿದರು. ಸಾಸಿ ಹಾಕಿದ ಮೇಲೆ ಅದರ ಬಗ್ಗೆ ಬಾಯಿಬಿಟ್ಟು ಚರ್ಚಿಸುವುದು ನಮ್ಮಲ್ಲಿ ಮರ್ಯಾದೆಯಲ್ಲ. ಹಾಗಾಗಿ ಯಾರೂ ಅವನಿಗೆ ಕಾರಣ ಹೇಳಲಿಲ್ಲ.

ಹತ್ತು ಗಂಟೆಗೆ ಅತ್ತೆ ಯಾಕೊಮಿನಾ ಇಪ್ಪತ್ತು ಡಬ್ಬಿ ತಿಂಡಿ ಹೊರಿಸಿಕೊಂಡು ಬಂದಳು. ತರಬೇತಿಯ ತಿಂಡಿ ಒದಗಿಸುವ ಜವಾಬ್ದಾರಿ ಅವಳದು. ಒಂದೊಂದು ಡಬ್ಬಿಯಲ್ಲೂ ಬಾಳೆಹಣ್ಣಿನ ಬೋಂಡಾ, ಸಾಗು ಮರದ ಹಿಟ್ಟಿನ ರೊಟ್ಟಿ, ಅಂಟಕ್ಕಿಯ ಉಂಡೆ. ಡಬ್ಬಿಗಳನ್ನು ಕಂಬದ ಬುಡದಲ್ಲಿಟ್ಟು, ಗರಿಯತ್ತ ಓರೆಗಣ್ಣಲ್ಲಿ ನೋಡಿ, "ಜನ ಎಲ್ಲಿ ಅಳಿಯಂದ್ರೆ?" ಎಂದಳು.

ನನ್ನ ಅಳಿಯ ಸರ್ಕಾರದವನು ಎಂದು ಆಕೆ ಚರ್ಚಿನ ಪ್ರತಿಯೊಂದು ಬೆಂಚಿಗೂ ಹೇಳಿ ಮುಗಿಸಿದ್ದಳು. ಓಕ್ಟೊಗೆ ನಿಜ ಹೇಳುವ ಧೈರ್ಯ ಬರಲಿಲ್ಲ. "ಎದುರು ದ್ವೀಪದಿಂದ ಬಂದಿದಾರೆ ಅತ್ತೆ. ದೋಣೀಲಿ ಬಂದು ಕಡಲ ಕಡೆ ಬಾಗಿಲಿಂದ ಒಳಗೆ ಹೋದ್ರು."

"ಎಷ್ಟು ಜನ?"

"ಇಪ್ಪತ್ತು."

ಇಪ್ಪತ್ತು ಜನ ಇದ್ದಮೇಲೆ ಇಪ್ಪತ್ತು ಡಬ್ಬಿ ಖಾಲಿಯಾಗಲೇಬೇಕು. ಓಕ್ಟೊ ಬಾಗಿಲು ಹಾಕಿಕೊಂಡು ತಿನ್ನತೊಡಗಿದ. ಏಳು ಡಬ್ಬಿ ತಿಂದ. ಇನ್ನು ಸಾಧ್ಯವಿಲ್ಲ ಎನಿಸಿದಾಗ ಉಳಿದದ್ದನ್ನು ಪುಡಿಮಾಡಿ ನೆಲದ ಹಲಗೆಗಳ ಸಂದಿಯಿಂದ ಕೆಳಗಿನ ನೀರಿಗೆ ಉದುರಿಸಿದ. ಭವನದ ಮುಂಭಾಗವಷ್ಟೇ ಸಿಮೆಂಟಿನದು, ಹಿಂಭಾಗ ಹಲಗೆ ಹಾಸಿಕೊಂಡು ಕಡಲ ಮೇಲೇ ನಿಂತಿದೆ. ಮಂಗಳವಾರವೂ ಇದೇ ಆಯಿತು.

ಮಂಗಳವಾರ ಸಂಜೆ ನನ್ನ ಅಂಗಡಿಗೆ ಬಂದು ಬೆಂಚಿನ ಮೇಲೆ ಕುಸಿದ. "ಅಣ್ಣ, ನಿಮ್ಮೂರಿನವರಿಗೆ ನನ್ನ ಮೇಲೆ ಏನು ಸಿಟ್ಟು? ಒಬ್ಬರೂ ಒಳಗೆ ಬರ್ತಿಲ್ಲ."

"ನೀವೇ ಮುಚ್ಚಿದ್ದೀರಲ್ಲಪ್ಪ, ಬರೋದು ಹೇಗೆ?" ಎಂದೆ.

"ನಾನೆಲ್ಲಿ ಮುಚ್ಚಿದೆ?"

ಮರ್ಯಾದೆ ಬದಿಗಿಟ್ಟು ನಾನು ಗರಿ, ಪಾದ್ರಿ, ಡಂಗುರ ಮೂರನ್ನೂ ಬೆರಳು ಮಡಚಿ ತೋರಿಸಿದೆ. ಮೂರನೆಯ ಬೆರಳಿಗೆ ಅವನ ಮುಖದಲ್ಲಿ ರಕ್ತವಿರಲಿಲ್ಲ.

"ನಾನು ನಿನ್ನೆಯಿಂದ ಒಳಗೇ ಇದೀನಿ," ಎಂದ.

"ಹೌದು."

"ಒಳಗೆ ಕೂತು ತಿಂದಿದೀನಿ."

"ಎಷ್ಟು ತಿಂದ್ರಿ?"

"ಹದಿನಾಲ್ಕು ಡಬ್ಬಿ."

ನನ್ನ ಕಣ್ಣು ತಾನಾಗಿಯೇ ಅವನ ಹೊಟ್ಟೆಯ ಕಡೆ ಹೋಯಿತು. "ಯಾಕೆ ಅಲ್ಲಿ ನೋಡ್ತೀರಿ?" ಎಂದ. "ಸುಮ್ನೆ," ಎಂದೆ. ಅವನು ಎದ್ದು ಹೋಗುವಾಗ ಎರಡೂ ಕೈಯಲ್ಲಿ ಹೊಟ್ಟೆಯನ್ನು ತುಂಬಿದ ಕೊಡದಂತೆ ಹಿಡಿದುಕೊಂಡಿದ್ದ.

ಬುಧವಾರ ಬೆಳಿಗ್ಗೆ ವೀಳ್ಯದೆಲೆ ಅಡಿಕೆ ಹಿಡಿದುಕೊಂಡು ಕಾವಲಿನ ಹಿರಿಯ ಲಾಸಾರುಸ್ ಅಜ್ಜನ ಮನೆಗೆ ಹೋದ. ನಾನೂ ಜೊತೆಗೆ ಹೋದೆ, ಧೈರ್ಯಕ್ಕೆ. ಯಾರ ಧೈರ್ಯಕ್ಕೆ ಎಂದು ಕೇಳಬೇಡಿ.

"ಅಜ್ಜ, ಆ ಗರಿ ಬಿಚ್ಚಿಕೊಡಿ. ತಪ್ಪಾಗಿ ಕಟ್ಟಿಬಿಟ್ಟೆ," ಎಂದ ಓಕ್ಟೊ.

ಅಜ್ಜ ಬಲೆ ಹೆಣೆಯುತ್ತಲೇ ಇದ್ದ. "ನಾನು ಕಟ್ಟಿದ್ದು ನಾನು ಬಿಚ್ತೀನಿ. ನೀನು ಕಟ್ಟಿದ್ದು ನೀನೇ ಬಿಚ್ಚಬೇಕು."

"ಸರಿ, ಈಗಲೇ ಹೋಗಿ ಬಿಚ್ತೀನಿ."

"ಹಾಗಲ್ಲ. ಊರೆಲ್ಲ ಸೇರಬೇಕು. ಅವರ ಮುಂದೆ ನಿಂತು ಯಾಕೆ ಕಟ್ಟಿದೆ, ಒಳಗೆ ಏನೇನು ಮಾಡಿದೆ, ಯಾರ್ಯಾರಿದ್ರು, ಒಂದೂ ಬಿಡದೆ ಹೇಳಿ ಆಮೇಲೆ ಬಿಚ್ಚಬೇಕು."

"ಒಂದೂ ಬಿಡದೆ?"

"ಬಚ್ಚಿಟ್ರೆ ಹೊಟ್ಟೆ ಇಳಿಯಲ್ಲ," ಎಂದ ಅಜ್ಜ. ಓಕ್ಟೊ ಹೊಟ್ಟೆಯ ವಿಷಯ ಎತ್ತಿರಲೇ ಇಲ್ಲ.

ಬಡಪಾಯಿ ಸಿಕ್ಕಿಬಿದ್ದದ್ದು ಇಲ್ಲಿ. ಹೇಳದಿದ್ದರೆ ಗರಿ ಬಿಚ್ಚುವಂತಿಲ್ಲ, ಶನಿವಾರ ಫ್ರೀಜರ್ ಹೋಗುತ್ತದೆ. ಹೇಳಿದರೆ ಒಬ್ಬನೂ ತರಬೇತಿಗೆ ಬಂದಿಲ್ಲ ಎಂದು ತಾನೇ ಸಾರಿದಂತಾಯಿತು, ಆಗಲೂ ಫ್ರೀಜರ್ ಹೋಗುತ್ತದೆ. ಎರಡರಲ್ಲೂ ಹುದ್ದೆ ಹೋಗುವುದು ಖಂಡಿತ.

ಪಾದ್ರಿಗಳ ಬಳಿ ಓಡಿದ. ಅವರು ಕನ್ನಡಕ ತೆಗೆದು, "ನೀವು ಕೊಟ್ಟ ಚೀಟಿ ನಾನು ಓದಿದೆ. ಪ್ರಾರ್ಥನೆ ಮೇಲಕ್ಕೆ ಹೋಗಿಯಾಯ್ತು. ಈಗ ವಾಪಸ್ ಕರೆಯೋದು ಯಾವ ಬಾಯಲ್ಲಿ?" ಎಂದರು. ಊರ ಮುಖ್ಯಸ್ಥರ ಬಳಿ ಓಡಿದ. ನಮ್ಮಲ್ಲಿ ಮುಖ್ಯಸ್ಥರನ್ನು ರಾಜ ಎನ್ನುತ್ತೇವೆ. ಕಿರೀಟ ಇಲ್ಲ, ರಬ್ಬರ್ ಮೊಹರು ಇದೆ. ರಾಜರು ಎಲ್ಲ ಕೇಳಿಸಿಕೊಂಡು, "ಭವನದ ವಿಷಯ ಅಂದ್ರೆ ಅರ್ಜಿ ಕೊಡಬೇಕು. ಅರ್ಜಿ ಸಂಯೋಜಕರ ಸಹಿ ಆಗಿ ಬರಬೇಕು," ಎಂದರು.

"ಸಂಯೋಜಕ ನಾನೇ ರಾಜರೇ."

"ಹಾಗಾದ್ರೆ ನೀವು ಅವರನ್ನ ಬೇಗ ಹಿಡೀಬಹುದು," ಎಂದರು ರಾಜರು.

ಅತ್ತೆಯ ಡಬ್ಬಿ ಬರುವುದು ನಿಲ್ಲದ್ದರಿಂದ ಓಕ್ಟೊ ಒಳಗೆ ಕೂತು ತಿನ್ನುವುದೂ ನಿಲ್ಲಲಿಲ್ಲ. ಇತ್ತ ಯಾಕೊಮಿನಾ ಊರಲ್ಲಿ ಎದುರು ದ್ವೀಪದ ಇಪ್ಪತ್ತು ಜನರ ಹಸಿವನ್ನು ಹೊಗಳಿಕೊಂಡು ತಿರುಗುತ್ತಿದ್ದಳು. "ಒಂದು ಚೂರು ಬಿಡಲ್ಲ ನೋಡಿ. ಡಬ್ಬಿ ತೊಳೆದ ಹಾಗಿರತ್ತೆ." ಗುರುವಾರ ಇದು ಬೆಸ್ತರ ಕಿವಿಗೆ ಬಿತ್ತು. ಅವರು ಒಬ್ಬರ ಮುಖ ಒಬ್ಬರು ನೋಡಿದರು. ನಾಲ್ಕು ದಿನದಿಂದ ಭವನದ ಕಡಲ ಕಡೆ ಬಾಗಿಲಿಗೆ ಒಂದು ದೋಣಿಯೂ ಬಂದಿರಲಿಲ್ಲ.

"ದೋಣಿ ಇಲ್ಲದೆ ಕಡಲಿಂದ ಬರೋರು ಯಾರು?" ಎಂದು ಎಂಜಿನ್ ರಿಪೇರಿಯ ರೊಡೊಲ್ಫ್ ನನ್ನ ಅಂಗಡಿ ಮುಂದೆ ನಿಂತು ಕೇಳಿದ. ಎಲ್ಲರಿಗೂ ಒಂದೇ ಉತ್ತರ ಹೊಳೆದಿತ್ತು.

"ನನ್ನ ಅಜ್ಜ ಮುಳುಗಿದ್ದು ಅದೇ ಕಡೆ," ಎಂದಳು ಯೋಸಿನಕ್ಕ ಮೆಲ್ಲಗೆ. "ಬಾಳೆಹಣ್ಣಿನ ಬೋಂಡಾ ಅಂದ್ರೆ ಪ್ರಾಣ ಬಿಡ್ತಿದ್ದ."

"ಸತ್ತ ಹಿರಿಯರಿಗೆ ಫ್ರೀಜರ್ ತರಬೇತಿ ಯಾಕೆ?" ಎಂದಿತು ಗುಂಪಿನ ಒಂದು ದನಿ.

"ಅವರ ಕಾಲದಲ್ಲಿ ಇತ್ತಾ? ನೋಡೋ ಆಸೆ ಇರಲ್ವಾ?"

ಅಷ್ಟರಲ್ಲಿ ರೊಡೊಲ್ಫ್ ಭವನದ ಕೆಳಗಿನ ನೀರು ತೋರಿಸಿದ. ನೀರು ಕುದಿಯುವಂತೆ ಮೀನು ಎದ್ದೆದ್ದು ಬೀಳುತ್ತಿತ್ತು. ಓಕ್ಟೊ ಉದುರಿಸಿದ ಬೋಂಡಾದ ಪುಡಿಗೆ ಹಿಂಡುಹಿಂಡಾಗಿ ಬಂದಿದ್ದ ಮೀನು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಮೈಮೇಲಿನ ರೋಮ ನಿಮಿರಿತು. ಸಂಜೆಯ ಹೊತ್ತಿಗೆ ಕಂಬದ ಬುಡದಲ್ಲಿ ಡಬ್ಬಿಗಳ ಪಕ್ಕ ಹೊಗೆಸೊಪ್ಪು, ವೀಳ್ಯದೆಲೆ, ತಾಳೆಹೆಂಡದ ಎರಡು ಬಾಟಲಿ ಸೇರಿದ್ದವು. ಒಂದು ಪ್ಯಾಕು ಲವಂಗದ ಸಿಗರೇಟೂ ಇತ್ತು. ಅದನ್ನಿಟ್ಟವನು ನಾನು. ತಿಳಿವಳಿಕೆ ಬೇರೆ, ಜಾಗರೂಕತೆ ಬೇರೆ.

ಅದನ್ನೆಲ್ಲ ಕಂಡು ಓಕ್ಟೊ ನನ್ನ ಬಳಿ ಓಡಿ ಬಂದ. ಅಂಗಿಯ ಕೆಳಗಿನ ಎರಡು ಗುಂಡಿ ಹಾಕಿರಲಿಲ್ಲ. "ಅಣ್ಣ, ಯಾರೋ ಒಳಗಿರೋರಿಗೆ ಕಾಣಿಕೆ ಇಡ್ತಿದಾರೆ. ಒಳಗಿರೋನು ನಾನೊಬ್ಬ. ನಾನು ಸತ್ತಿದೀನಿ ಅಂತ ಊರಿಗೆ ಮೊದಲೇ ಗೊತ್ತಾಗಿದೆಯಾ?"

ಶುಕ್ರವಾರ ಮಧ್ಯಾಹ್ನ ಸೆಲ್ಫೀನಾ ಚಿಕ್ಕ ದೋಣಿಯಲ್ಲಿ ಕಡಲ ಕಡೆ ಬಾಗಿಲಿಗೆ ಬಂದಳು. ಗಂಡ ನಾಲ್ಕು ದಿನದಿಂದ ಮನೆಯಲ್ಲಿ ಎರಡು ತುತ್ತಿಗೇ ಏಳುತ್ತಿದ್ದ, ಆದರೂ ಸೊಂಟದ ಬೆಲ್ಟು ಸಾಲದೆ ಅದರ ತುದಿಯಲ್ಲಿ ಹೊಸ ತೂತು ಕೊರೆದಿದ್ದ. ಇದು ಅವಳಿಗೆ ಬಗೆಹರಿದಿರಲಿಲ್ಲ. ಬಾಗಿಲಲ್ಲಿ ಇಣುಕಿದರೆ, ಇಪ್ಪತ್ತು ಡಬ್ಬಿಗಳ ನಡುವೆ ಕೂತ ಗಂಡ ಹನ್ನೊಂದನೆಯ ಅಂಟಕ್ಕಿ ಉಂಡೆಯನ್ನು ಅಳುತ್ತ ನುಂಗುತ್ತಿದ್ದ. ಇದನ್ನು ಅವಳೇ ನನಗೆ ಆಮೇಲೆ ಹೇಳಿದ್ದು.

"ಇದೇನಾ ತರಬೇತಿ?" ಎಂದಳು.

ಓಕ್ಟೊ ಎಲ್ಲವನ್ನೂ ಒದರಿದ. ಕೊನೆಗೆ ಅಂಗಿ ಎತ್ತಿ ತೋರಿಸಿ, "ನೋಡು, ಊದ್ತಿದೆ. ಸಾಸಿ ಮುರಿದವರ ಹೊಟ್ಟೆ. ನಾನು ಬದುಕಲ್ಲ ಸೆಲ್ಫೀ," ಎಂದ.

"ಐದು ದಿನ ನಮ್ಮಮ್ಮನ ಬೋಂಡಾ ತಿಂದ್ರೆ ತಿಮಿಂಗಿಲದ ಹೊಟ್ಟೇನೂ ಊದತ್ತೆ. ಏಳಿ ಮೇಲೆ."

"ನಿಂಗೆ ಅಷ್ಟು ಧೈರ್ಯ ಇದ್ರೆ ಒಳಗೆ ಬಾ."

ಸೆಲ್ಫೀನಾ ಹೊಸ್ತಿಲು ನೋಡಿದಳು, ಕಾಲು ನೋಡಿಕೊಂಡಳು. "ನಾನ್ಯಾಕೆ ಬರಲಿ, ನಂಗೆ ಕೆಲಸ ಇಲ್ವಾ?" ಎಂದು ದೋಣಿಯಲ್ಲೇ ಕೂತಳು. ಅಲ್ಲಿಂದಲೇ ಹೇಳಿದಳು: "ನಾಳೆ ಎಲ್ಲರ ಮುಂದೆ ನಿಜ ಹೇಳಿಬಿಡಿ. ಡಬ್ಬ ಹೋದ್ರೆ ಹೋಗಲಿ. ಮೀನು ಚೆಲ್ಲೋದು ನಂಗೆ ಹೊಸದಲ್ಲ. ಗಂಡ ಹೀಗೆ ಹೆದರಿ ಹೆದರಿ ಸಾಯೋದು ನೋಡಕ್ಕಾಗಲ್ಲ."

ಶನಿವಾರ ಜಿಲ್ಲೆಯ ದೋಣಿ ಬಂತು. ಇಳಿದವರು ಪರಿಶೀಲನೆಯ ಮಗ್ದಲೇನಾ ಮೇಡಂ, ಹಿಂದೆ ಹಗ್ಗ, ಕೈಗಾಡಿ ಹಿಡಿದ ನಾಲ್ಕು ಆಳುಗಳು. ಫ್ರೀಜರ್ ಒಯ್ಯುವುದೆಂದು ತೀರ್ಮಾನ ಮಾಡಿಕೊಂಡೇ ಬಂದಿದ್ದರು. ಮೇಡಂ ಬೂಟು ಟಕಟಕ ಎನ್ನಿಸುತ್ತ ಗೇಟಿನತ್ತ ನಡೆದರು. ಹತ್ತು ಹೆಜ್ಜೆ ಇರುವಾಗ ಬೂಟಿನ ಸದ್ದು ನಿಂತಿತು. ಮೇಡಂ ಕೂಡ ಪಕ್ಕದ ದ್ವೀಪದ ಹಳ್ಳಿಯವರೇ.

"ಇದನ್ನ ಯಾರು ಹಾಕಿದ್ದು?" ಎಂದರು, ದನಿ ತಗ್ಗಿಸಿ.

ಊರಿಗೆ ಊರೇ ಅಲ್ಲಿತ್ತು. ಮೇಡಂ ಆಳುಗಳ ಕಡೆ ತಿರುಗಿ, "ಹೋಗಿ, ತಗೊಂಡು ಬನ್ನಿ," ಎಂದರು. "ನಮಗೂ ಹೆಂಡ್ತಿ ಮಕ್ಕಳಿದಾರೆ ಮೇಡಂ," ಎಂದ ಒಬ್ಬ. ಉಳಿದ ಮೂವರು ಕೈಗಾಡಿಯ ಹಿಂದೆ ಸರಿದು ನಿಂತರು.

ಆಗ ಓಕ್ಟೊ ಮುಂದೆ ಬಂದ. ಹೊಟ್ಟೆ ಮೊದಲು ಬಂತು, ಅವನು ಆಮೇಲೆ. ಹಿಂದೆ ಸೆಲ್ಫೀನಾ ಮೀನಿನ ಬುಟ್ಟಿ ಹೊತ್ತುಕೊಂಡೇ ನಿಂತಿದ್ದಳು.

"ಗರಿ ಕಟ್ಟಿದ್ದು ನಾನು," ಎಂದ. "ಚೆಂದಕ್ಕೆ ಅಂತ ಕಟ್ಟಿದೆ. ಐದು ದಿನ ತರಬೇತಿಗೆ ಒಬ್ಬರೂ ಬರಲಿಲ್ಲ. ಎದುರು ದ್ವೀಪದವರು ಅಂತ ಸುಳ್ಳು ಹೇಳಿದೆ. ಅಷ್ಟು ತಿಂಡೀನೂ ನಾನೇ ಮುಗಿಸಿದೆ. ಆದಷ್ಟು ತಿಂದೆ, ಮಿಕ್ಕಿದ್ದು ಮೀನಿಗೆ ಹಾಕಿದೆ. ಒಳಗೆ ಯಾರೂ ಇರಲಿಲ್ಲ, ನಾನೊಬ್ಬನೇ."

ಗಾಳಿ ಗರಿಗಳನ್ನು ಪರಪರ ಎನಿಸಿತು. ಮೊದಲು ಬಾಯಿ ತೆರೆದವಳು ಯಾಕೊಮಿನಾ.

"ಮೇಡಂ, ಅಳಿಯನ ಮಾತು ನಂಬಬೇಡಿ. ದಿನಕ್ಕೆ ಇಪ್ಪತ್ತು ಡಬ್ಬಿಯಂತೆ ಐದು ದಿನ ನೂರು ಡಬ್ಬಿ. ನನ್ನಳಿಯ ಮನೇಲಿ ಎರಡು ತುತ್ತು ತಿಂದ್ರೆ ಹೆಚ್ಚು. ಬಂದೋರು ಇಪ್ಪತ್ತು ಜನ. ಅವರು ಯಾರು ಅಂತ ಹೇಳೋ ಹಾಗಿಲ್ಲ, ಅದಕ್ಕೆ ಎಲ್ಲಾನೂ ತನ್ನ ಮೇಲೆ ಹಾಕ್ಕೊಂಡಿದಾನೆ ಪಾಪ."

"ಹೌದು ಹೌದು," ಎಂದಿತು ಊರು.

"ಇಲ್ಲ ಅತ್ತೆ, ದೇವರಾಣೆ ನಾನೇ ತಿಂದಿದ್ದು."

"ಎಂಥ ದೊಡ್ಡ ಮನಸ್ಸು ನೋಡಿ," ಎಂದು ಯೋಸಿನಕ್ಕ ಕಣ್ಣೊರೆಸಿಕೊಂಡಳು.

ಮೇಡಂ ನಿಧಾನವಾಗಿ ಕೇಳಿದರು: "ಯಾರು ಆ ಇಪ್ಪತ್ತು ಜನ?" ರೊಡೊಲ್ಫ್ ಕಡಲ ಕಡೆ ಕೈ ತೋರಿಸಿದ. ಆ ಹೊತ್ತಿಗೆ ಸರಿಯಾಗಿ, ದಿನಾ ಸಿಗುತ್ತಿದ್ದ ತಿಂಡಿಗಾಗಿ ಕಾದಿದ್ದ ಮೀನೆಲ್ಲ ಒಟ್ಟಿಗೆ ಹಾರಿ ನೀರು ಚಟಪಟ ಎಂದಿತು. ಮೇಡಂ ಎದೆಯ ಮೇಲಿನ ಶಿಲುಬೆ ಹಿಡಿದುಕೊಂಡರು.

ಲಾಸಾರುಸ್ ಅಜ್ಜ ಕೋಲೂರಿ ಬಂದ. "ಎಲ್ಲ ಹೇಳಿದೆಯಾ?"

"ಹೇಳಿದೆ ಅಜ್ಜ. ಯಾರೂ ನಂಬ್ತಿಲ್ಲ."

"ಹೇಳೋದು ನಿನ್ನ ಕೆಲಸ. ನಂಬೋದು ಅವರದು. ಬಿಚ್ಚು."

ಓಕ್ಟೊ ಕಣ್ಣು ಮುಚ್ಚಿಕೊಂಡು ಗರಿ ಬಿಚ್ಚಿದ. ಕೊನೆಯ ಗಂಟು ಕಳಚಿದ್ದೇ ತಡ, ಇಡೀ ಊರು ಅವನನ್ನೇ ತುಳಿದುಕೊಂಡು ಹೋಗುವ ಹಾಗೆ ಒಳಗೆ ನುಗ್ಗಿತು. ಸಾಸಿ ಬಿಚ್ಚಿದ ಗಳಿಗೆಯಲ್ಲಿ ಹಿಂದೆ ಉಳಿದವನಿಗೆ ಪಾಲಿಲ್ಲ. ಕಡಲಿಗಾದರೂ ಅಷ್ಟೇ, ಭವನಕ್ಕಾದರೂ ಅಷ್ಟೇ. ಒಳಗೆ ಪಾಲು ಅಂದರೆ ಏನಿತ್ತು? ಚಾಕು ಇತ್ತು, ಟೀ ಶರ್ಟು ಇತ್ತು. ಸಿಕ್ಕವರು ಸಿಕ್ಕಿದ್ದು ಹಿಡಿದುಕೊಂಡರು. ಸೆಲ್ಫೀನಾ ಬುಟ್ಟಿಯ ಮೀನನ್ನೆಲ್ಲ ಮೇಜಿನ ಮೇಲೆ ಸುರಿದು, "ನಿಂತು ನೋಡೋದೇನು, ಕೊಯ್ಯಿರಿ," ಎಂದು ಗದರಿದಳು. ಹುಟ್ಟಿದಾಗಿನಿಂದ ಮೀನು ಕೊಯ್ದ ಕೈಗಳಿಗೆ ಯಾರು ಹೇಳಿಕೊಡಬೇಕು? ಅರೆಗಳಿಗೆಯಲ್ಲಿ ಅರವತ್ತು ಹೆಂಗಸರು ಕೊಯ್ದು, ತೊಳೆದು, ಫ್ರೀಜರಿಗೆ ಜೋಡಿಸತೊಡಗಿದರು.

ಮೇಡಂ ಬಾಗಿಲ ಹೊರಗೇ ನಿಂತು ಫಾರಂ ತೆಗೆದರು. 'ಕನಿಷ್ಠ ಇಪ್ಪತ್ತು' ಎಂಬ ಸಾಲಿನ ಮೇಲೆ ಪೆನ್ನಿಟ್ಟು ತಲೆ ಎಣಿಸಿದರು. ಇಪ್ಪತ್ತಕ್ಕೆ ನಿಲ್ಲಿಸಿ ಸಹಿ ಹಾಕಿದರು. ತಂದಿದ್ದ ಇಪ್ಪತ್ತು ಪ್ರಮಾಣಪತ್ರಗಳಲ್ಲಿ ಹೆಸರು ಬರೆಯಲು ಮಾತ್ರ ಅವರ ಕೈ ಏಳಲಿಲ್ಲ. "ಐದು ದಿನ ಬಂದೋರಿಗೇ ಸೇರಬೇಕು," ಎಂದು ದೋಣಿ ಹತ್ತಿ, ಹೋಗುವಾಗ ಕಟ್ಟನ್ನು ಕಡಲ ಕಡೆ ಬಾಗಿಲ ಹೊಸ್ತಿಲ ಮೇಲಿಟ್ಟು ಹೊರಟರು. ಹಿಂದೆ ತಿರುಗಿ ನೋಡಲಿಲ್ಲ. ಅವು ಈಗಲೂ ಅಲ್ಲೇ ಇವೆ, ಯಾರೂ ಮುಟ್ಟಿಲ್ಲ.

ಫ್ರೀಜರ್ ಉಳಿಯಿತು, ಹುದ್ದೆಯೂ ಉಳಿಯಿತು. ಓಕ್ಟೊನ ಹೊಟ್ಟೆ ಮುಂದಿನ ಬುಧವಾರಕ್ಕೆ ಇಳಿಯಿತು. ಲಾಸಾರುಸ್ ಅಜ್ಜ ಅದು ನಿಜ ಹೇಳಿದ್ದಕ್ಕೆ ಎನ್ನುತ್ತಾನೆ, ಸೆಲ್ಫೀನಾ ಬೋಂಡಾ ನಿಂತಿದ್ದಕ್ಕೆ ಎನ್ನುತ್ತಾಳೆ. ಜಾವಾದ ಸುದ್ದಿಯನ್ನು ಅವನು ಆಮೇಲೆ ಎತ್ತಿದ್ದೇ ಇಲ್ಲ.

ಸೆಲ್ಫೀನಾ ಈಗ ಮೀನು ಚೆಲ್ಲುವುದಿಲ್ಲ. ಮಾರದೆ ಉಳಿದದ್ದನ್ನು ಫ್ರೀಜರಿನಲ್ಲಿಟ್ಟು, ಇನ್ನೊಬ್ಬರು ಕೈ ಹಾಕದಿರಲಿ ಎಂದು ಅದರ ಹಿಡಿಗೆ ತಾನೇ ಒಂದು ಎಳೆಯ ತೆಂಗಿನ ಗರಿ ಕಟ್ಟಿದ್ದಾಳೆ. ಮೊನ್ನೆ ಸಂಜೆ ಅವಳು ಮನೆಯಿಂದ, "ರೀ, ಸಾರಿಗೆ ಎರಡು ಮೀನು ತಗೊಂಡು ಬನ್ನಿ," ಎಂದು ಕೂಗಿದ್ದು ನನ್ನ ಅಂಗಡಿಗೂ ಕೇಳಿಸಿತು. ಓಕ್ಟೊ ಭವನಕ್ಕೆ ಹೋದ. ಫ್ರೀಜರಿಗೆ ಹತ್ತು ಹೆಜ್ಜೆ ದೂರದಲ್ಲಿ ನಿಂತು, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ಕಟ್ಟಿದವಳೇ ಬಂದು ಬಿಚ್ಚಲಿ ಎಂದು ಕಾಯುತ್ತಿದ್ದ.